ಬಂಬದ ಸಾಹೇಬರು

ವಿಜಯಪುರ, ಸೊಲ್ಲಾಪುರದ ಕಡೆಯಿಂದ ಬಾರಾಮತಿಗೆ ಬಂದು, ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನೌಕರಿ ಹಿಡಿದು, ಫ್ಲಾಟಿನ ಸಾಲ ತೀರಿಸಿ, ಇನ್ನೇನು ಮಾಡುವುದೆಂದು ತಿಳಿಯದೆ ಚಡಪಡಿಸುವ ಗಂಡಸರಲ್ಲಿ ಒಂದು ಪಂಗಡವನ್ನು ಬಂಬದ ಸಾಹೇಬರು ಎನ್ನಬಹುದು. ಬಂಬ ಕಂಡಿರದ ಮೈಸೂರು ಸೀಮೆಯವರಿಗಾಗಿ ಹೇಳುವುದಾದರೆ, ಅದು ಸ್ನಾನದ ನೀರು ಕಾಯಿಸುವ ತಾಮ್ರದ ಎತ್ತರದ ಪಾತ್ರೆ. ನಟ್ಟನಡುವೆ ಒಂದು ಕೊಳವೆ, ಅದರೊಳಗೆ ಇದ್ದಿಲ ಕೆಂಡ, ಕೆಳಗೆ ಬೂದಿ ಉದುರುವ ಜಾಲರಿ, ಪಕ್ಕಕ್ಕೆ ಹಿತ್ತಾಳೆಯ ನಲ್ಲಿ. ಇದ್ದಿಲಿಲ್ಲದ ಮನೆಯಲ್ಲಿ ಜಾಲಿ ಕಟ್ಟಿಗೆ, ಕುಳ್ಳು, ಏನು ತುರುಕಿದರೂ ನಡೆಯುತ್ತಿತ್ತು. ಗೀಸರ್ ಬಂದ ದಿನ ಇದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಸಾಹೇಬರು ಈಗ ಅದನ್ನು ಅಂದದ ಲೆಕ್ಕದಲ್ಲಿ ಕೊಂಡು ತಂದು, ಹೊಳಪು ಬರಿಸಿ, ಹಾಲ್‌ನಲ್ಲಿ ಟೀವಿಯ ಪಕ್ಕ ನಿಲ್ಲಿಸುತ್ತಾರೆ. ಹಳೆಯದನ್ನು ಉಳಿಸುತ್ತಿದ್ದೇವೆಂದು ಅವರು ನಂಬಿದ್ದಾರೆ. ನನಗೆ ಕಾಣುವುದು ಬೇರೆ: ಅವರ ಅವ್ವ ಹಬ್ಬದ ಹಿಂದಿನ ದಿನ ಬಚ್ಚಲಲ್ಲಿ ಕೂತು ಮಾಡುತ್ತಿದ್ದ ಕೆಲಸವನ್ನೇ ಇವರು ನಲವತ್ತು ವರ್ಷ ತಡವಾಗಿ, ಜನ ಸೇರಿಸಿಕೊಂಡು ಮಾಡುತ್ತಿದ್ದಾರೆ.

ಸಾಕ್ಷಿ ಬೇಕಾದರೆ ಸಾಮಾನು ನೋಡಿ. ಹುಣಸೆಹಣ್ಣು, ಉಪ್ಪು, ಬೂದಿ, ತೆಂಗಿನ ನಾರು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರದ ಮೇಲಿನ ಕಪ್ಪನ್ನು ಕರಗಿಸುತ್ತದೆ. ಅವ್ವನಿಗೆ ಆಮ್ಲದ ಹೆಸರು ಗೊತ್ತಿರಲಿಲ್ಲ, ಸಾಹೇಬರಿಗೆ ಗೊತ್ತು. ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಅಲ್ಲ, ಇನ್ನೂ ಒಂದಿದೆ. ಅವ್ವ ಬೆಳಗಿದ ಮೇಲೆ ಬಚ್ಚಲನ್ನೂ ತೊಳೆದು ಏಳುತ್ತಿದ್ದಳು. ಸಾಹೇಬರು ಹಸಿರು ನೀರನ್ನು ಬಾಲ್ಕನಿಯಲ್ಲಿ ಹಾಗೇ ಬಿಟ್ಟು, ಕೈ ಒರೆಸಿಕೊಂಡು ಫೋಟೊಕ್ಕೆ ನಿಲ್ಲುತ್ತಾರೆ. ತಾವು ಚಹಾ ಕುಡಿದ ಕಪ್ಪನ್ನು ಎಂದೂ ತೊಳೆಯದವರು ಬಂಬಕ್ಕೆ ಮಾತ್ರ ಮನೆಯಲ್ಲಿ ಯಾರೂ ಕೈ ಹಚ್ಚಕೂಡದೆಂದು ಅಪ್ಪಣೆ ಮಾಡುತ್ತಾರೆ. ಈ ಅಪ್ಪಣೆಯನ್ನು ಮನೆಯವರು ಇಷ್ಟು ಸಂತೋಷದಿಂದ ಪಾಲಿಸುವುದೇಕೆಂದು ಅವರಿಗೆ ಹೊಳೆದಿಲ್ಲ.

ಬೆಳಗುವುದಷ್ಟೇ ಅಲ್ಲ, ರಿಪೇರಿಯೂ ಇದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇದೆ, ಅದನ್ನು ಮಾಡುವವರು ಪುಣೆಯ ಕಸಬಾ ಪೇಠೆಯ ತಾಂಬಟ್ ಆಳಿ ಎಂಬ ತಾಮ್ರಗಾರರ ಓಣಿಯ ಕುಶಲಕರ್ಮಿಗಳು. ತಗ್ಗು ಬಿದ್ದಲ್ಲಿ ತಟ್ಟಿ ಎತ್ತುವುದು, ಸುತ್ತಿಗೆಯ ಸಣ್ಣ ಸಣ್ಣ ಪೆಟ್ಟಿನಿಂದ ತಾಮ್ರಕ್ಕೆ ಗಟ್ಟಿತನ, ಹೊಳಪು ಎರಡನ್ನೂ ಕೊಡುವ ಮಠಾರ್ ಕೆಲಸ, ಎಲ್ಲ ಅವರದು. ಸಾಹೇಬರ ಪಾಲು ಕಾರಿನಲ್ಲಿ ಒಯ್ದು ಕಾರಿನಲ್ಲಿ ತರುವುದು. ಆ ನೆಪದಲ್ಲಾದರೂ ಕಸುಬಿನವರಿಗೆ ನಾಲ್ಕು ಕಾಸು ಸಿಗುತ್ತದೆಂಬುದು ನಿಜ, ಇದೊಂದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಅಲ್ಲಿಂದ ಬಂದ ಮೇಲೆ ಸಾಹೇಬರ ಸ್ವಂತ ಪ್ರತಿಭೆ ಶುರುವಾಗುತ್ತದೆ. ಬಾರಾಮತಿಯ ಪಿಯಾಜಿಯೊ ಕಾರ್ಖಾನೆಯಲ್ಲಿ 2012ರಿಂದ ವೆಸ್ಪಾ ತಯಾರಾಗುತ್ತಿದೆ. ಬಂಬದ ಕಾಲುಗಳಿಗೆ ವೆಸ್ಪಾದ ಹಳದಿ ಬಣ್ಣ ಬಳಿಯಬೇಕೆಂದು ಅವರಿಗೆ ತೋಚುವುದು ಊರಿನ ಅಭಿಮಾನವೇ ಇರಬೇಕು. ಕೊಳವೆಯೊಳಗೆ ಬಲ್ಬು, ನಲ್ಲಿಗೆ ಸಿಂಹದ ಮುಖ. ಇನ್ನೂ ಧೈರ್ಯವಂತರು ಅದರಲ್ಲಿ ತಂದೂರಿ ಮಾಡಲು ಹೊರಡುತ್ತಾರೆ. ನೀರು ತುಂಬಿರುವ ತನಕ ಬಂಬದ ಗೋಡೆಯ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರಿಲ್ಲದೆ ಕೆಂಡ ಹಾಕಿದರೆ, ತವರ-ಸೀಸದ ಬೆಸುಗೆಯಿದ್ದಲ್ಲಿ ಅದು 183 ಡಿಗ್ರಿಯ ಸುತ್ತಮುತ್ತಲೇ ಕರಗಿ, ಕೊಳವೆ ಕಳಚಿ, ಕೋಳಿಯ ಜೊತೆ ಬಂಬವೂ ಬೇಯುತ್ತದೆ.

ಅಮೆರಿಕದವರೂ ಇದನ್ನೇ ಮಾಡುತ್ತಾರಲ್ಲ ಎಂಬುದು ಸಾಹೇಬರ ಬ್ರಹ್ಮಾಸ್ತ್ರ. ಷಿಕಾಗೋ ಕಡೆಯ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಜಾರ್ಜ್ ಸ್ಟೀಫನ್ 1952ರಲ್ಲಿ ನೀರಿನ ಮೇಲೆ ತೇಲುವ ಲೋಹದ ಬುಡ್ಡೆಯನ್ನು ಎರಡು ಹೋಳು ಮಾಡಿ, ಮುಚ್ಚಳವಿರುವ ದುಂಡನೆಯ ಇದ್ದಿಲು ಒಲೆ ಮಾಡಿದ. ಆ ಒಲೆಗಳ ಹಳೆಯ ಬಣ್ಣಗಳನ್ನು ಹುಡುಕಿ, ತುಕ್ಕು ತೆಗೆದು, ಕಾಲು ಬದಲಿಸುವವರು ಅಲ್ಲಿ ಬೇಕಾದಷ್ಟಿದ್ದಾರೆ. ಇರಲಿ. ಅವರು ಭಾನುವಾರ ಅದರ ಮೇಲೆ ಮಾಂಸ ಸುಟ್ಟು ತಿನ್ನುತ್ತಾರೆ. ನಮ್ಮವರು ಬಂಬದ ನೀರಿನಲ್ಲಿ ಕಾಲು ಕೂಡ ತೊಳೆದಿಲ್ಲ. ವಸ್ತುಸಂಗ್ರಹವೆಂದು ವಾದಿಸಿದರೆ ಪುಣೆಯ ದಿನಕರ ಕೇಳ್ಕರ್ ಅವರನ್ನು ನೆನೆಯಬೇಕಾಗುತ್ತದೆ. ಅಡಕೊತ್ತು, ದೀಪ, ಪಾತ್ರೆಗಳಂಥ ಮನೆಬಳಕೆಯ ವಸ್ತುಗಳನ್ನು ಅವರು ಕೂಡಿಟ್ಟಿದ್ದು ಜನ ಬದುಕಿದ ರೀತಿ ಕಾಣಲಿ ಎಂದು. ಸಾಹೇಬರಿಗೆ ಆ ಬದುಕಿನ ಗುರುತೇ ಕಲೆ. ಮದುವೆಯಲ್ಲಿ ಕೊಟ್ಟವರ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದರೆ ಅದನ್ನೂ ಉಜ್ಜಿ ಸಮ ಮಾಡಿ, ಮೇಲೆ ಲ್ಯಾಕರ್ ಬಳಿಯುತ್ತಾರೆ.

ಚಳಿಗಾಲದಲ್ಲಿ ಕರೆಂಟು ಹೋದ ಒಂದು ಬೆಳಿಗ್ಗೆ, ಇವತ್ತಾದರೂ ಬಂಬ ಹೊತ್ತಿಸೋಣವೇ ಎಂದು ಮನೆಯವರು ಕೇಳಿದರೆ ಸಾಹೇಬರು ಹೌಹಾರುತ್ತಾರೆ: ಮಸಿ ಹಿಡಿಯುತ್ತದೆ, ಲ್ಯಾಕರ್ ಸುಟ್ಟುಹೋಗುತ್ತದೆ, ಫ್ಲಾಟಿನಲ್ಲಿ ಹೊಗೆ ಎಲ್ಲಿ ಬಿಡುವುದು? ಕಾರಣಗಳೆಲ್ಲ ಸರಿಯೇ. ಹಾಗಾಗಿ ಗ್ಯಾಸಿನ ಮೇಲೆ ಸ್ಟೀಲಿನ ಪಾತೇಲಿಯಲ್ಲಿ ನೀರು ಕಾಯುತ್ತದೆ, ಸಾಹೇಬರು ಟವೆಲ್ ಹೆಗಲಿಗೇರಿಸಿ ಬಚ್ಚಲ ಬಾಗಿಲಲ್ಲಿ ಕಾಯುತ್ತಾರೆ, ಪಾತೇಲಿ ಹೊತ್ತು ತರುವುದು ಮನೆಯವರೇ.