ಕರಾರಿನ ಮಾಲಕ

(ಅಬ್ಬೆತುಮಕೂರು. ಮಠದ ದಾರಿಯ ಚಹಾದಂಗಡಿ. ಗಾಳಿ ಕೋಳಿ ಶೆಡ್ಡಿನ ಕಡೆಯಿಂದ ಬೀಸುತ್ತಿದೆ, ಗಿರಾಕಿಗಳು ಕಡಿಮೆ.)

ಕಾಕಾ: ಏನೋ ತಮ್ಮಾ, 5,000 ಕೋಳಿಗಿ ಮಾಲಕ ಆದೆಂತ!

ತಮ್ಮ: ಹೌದ್ರಿ ಕಾಕಾ. ಮರಿ ಕಂಪನೀದು, ಮೇವು ಕಂಪನೀದು, ಔಷಧ ಕಂಪನೀದು. 40 ದಿನ ಆದಮ್ಯಾಲ ಕೋಳಿನೂ ಕಂಪನೀದು.

ಕಾಕಾ: ಮತ್ತ ನಿಂದು?

ತಮ್ಮ: ಶೆಡ್ಡು, ಸಾಲ, ಕರೆಂಟ್ ಬಿಲ್ಲು, ನಾತ.

ಕಾಕಾ: ನಮ್ಮ ಹಿತ್ತಲ ಕೋಳಿ ತಿಪ್ಪಿ ಕೆದರಿ ಹುಳ ತಿಂತಿತ್ತು. ನಿನ್ನವು?

ತಮ್ಮ: ಒಂದು ಚದರಡಿ ಜಾಗದಾಗ ಏನು ಕೆದರತಾವರಿ? 2 ಕಿಲೊ ತೂಗಬೇಕಂದ್ರ 3 ಕಿಲೊಕ್ಕಿಂತ ಹೆಚ್ಚು ಮೆಕ್ಕೆಜೋಳ, ಸೋಯಾ ನುಂಗತಾವ. ಕಾಲಿಗಿಂತ ಎದಿ ಜಲ್ದಿ ಬೆಳೀತದ. ಎದ್ದು ನಡದ್ರ ತೂಕಕ್ಕ ನುಕ್ಸಾನು.

ಕಾಕಾ: ಜಡ್ಡು ಬಂದ್ರ?

ತಮ್ಮ: ಬರೂ ಮೊದಲೇ ಔಷಧರಿ! ಕೊಲಿಸ್ಟಿನ್ ಅಂತಿತ್ತು. ಬ್ಯಾರೆ ಯಾವುದೂ ನಾಟದಿದ್ದಾಗ ಮನಷ್ಯಾಗ ಕಟ್ಟಕಡೀಗಿ ಕೊಡೂದು. ಅದನ್ನ ಕೋಳಿ ದಪ್ಪಾಗಲಿ ಅಂತ ಮೇವಿನಾಗ ಕಲಸತಿದ್ರು. 2019ರಾಗ ಕೇಂದ್ರ ಸರಕಾರ ನಿಷೇಧ ಮಾಡ್ತು.

ಕಾಕಾ: ಯಪ್ಪಾ, ನಮ್ಮ ಕೊನೀ ಔಷಧ ಕೋಳಿಗಿ ಟಾನಿಕ್ಕು! ಇರಲಿ, ಮಳಿ ಬಂದ್ರ ಶೆಡ್ಡಿನ ಹೊಲಸು?

ತಮ್ಮ: ಹಳ್ಳಕ್ಕ. ಹಳ್ಳದಿಂದ ಭೀಮಾ ಹೊಳಿಗಿ.

ಕಾಕಾ: ಭೀಮಾ ಯಾರದು? ನಿಂದೋ, ಕಂಪನೀದೋ?

ತಮ್ಮ: (ಕಿಸೆಯಿಂದ ಕಾಗದ ತೆಗೆದು, ಎರಡೂ ಮಗ್ಗಲು ನೋಡಿ) ಕರಾರಿನಾಗ ಅದರ ಸುದ್ದೀನೇ ಇಲ್ಲರಿ.