ಫೈನಲ್-ಫೈನಲ್-ಎರಡು ಅವರ ಸನ್ನಿಧಾನಕ್ಕೆ

ಮಹಾರಾಜಶ್ರೀ ಫೈನಲ್-ಫೈನಲ್-ಎರಡು-ಇದೇ-ಲಾಸ್ಟ್ ಅವರ ಸನ್ನಿಧಾನಕ್ಕೆ, ಮಾಸ್ಟರಿಂಗ್ ಕೋಣೆಯಿಂದ ತಮ್ಮ ವಿಧೇಯನು ಮಾಡುವ ಅನಂತ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಮ್ಮನ್ನು ಪ್ಲೇ ಮಾಡುವ ತನಕ ನನ್ನ ಕಿವಿಗಳೂ ಕುಶಲವಾಗಿದ್ದವು. ಅದಾಗಿ, ಈ ಪತ್ರ ಬರೆಯಲು ಕಾರಣವೇನೆಂದರೆ, ತಮ್ಮನ್ನು ಮಿಕ್ಸ್ ಮಾಡಿ ಹೆತ್ತ ತೀರ್ಥರೂಪರು ನನ್ನ ಫೋನ್ ಎತ್ತುತ್ತಿಲ್ಲ. ಆದ್ದರಿಂದ ನೇರವಾಗಿ ತಮ್ಮಲ್ಲೇ, ನಾಲ್ಕು ಜನರ ಎದುರಿಗೇ, ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ತಾವು ದಯಮಾಡಿಸಿದ್ದು ಅಕ್ಟೋಬರ್ 31ರ ಸಂಜೆ. ಮರುದಿನ ಬೆಳಿಗ್ಗೆ ರಾಜ್ಯೋತ್ಸವದ ಕೊಡುಗೆಯಾಗಿ ತಮ್ಮ ಲೋಕಾರ್ಪಣೆ ಎಂದು ಪೋಸ್ಟರ್ ಆಗಲೇ ಹೊರಬಿದ್ದಿತ್ತು. ನವೆಂಬರ್ 1 ಎನ್ನುವುದು 1956ರಿಂದ ಅದೇ ತಾರೀಖಿಗೆ ಬರುತ್ತಿದೆ. ಆದರೂ ಅದು ತಮ್ಮ ತೀರ್ಥರೂಪರ ಮೇಲೆ ಹಿಂದಿನಿಂದ ಬಂದು ಎರಗಿದಂತಿದೆ. "ಸಾರ್, ಮಿಕ್ಸ್ ಎಲ್ಲಾ ಪಕ್ಕಾ ಆಗಿದೆ, ಬರೀ ಒಂದು ಮಾಸ್ಟರಿಂಗ್ ಹೊಡೆದುಬಿಡಿ, ಐದು ನಿಮಿಷದ ಕೆಲಸ" ಎಂದಿದ್ದರು.

ತಮಗಿಂತ ಮುಂಚೆ ತಮ್ಮ ಅಣ್ಣಂದಿರೂ ಬಂದುಹೋಗಿದ್ದರು: ಫೈನಲ್, ಫೈನಲ್-ಹೊಸದು, ಫೈನಲ್-ವೋಕಲ್-ಜಾಸ್ತಿ. ಪಟ್ಟ ಯಾರಿಗೆ ಎಂದು ಯಾರೂ ಹೇಳಲಿಲ್ಲ. ಹಾಡಿನ ಹೆಸರಂತೂ ಯಾರ ಮೈಮೇಲೂ ಇರಲಿಲ್ಲ. ಇವರಲ್ಲಿ ಫೈನಲ್-ಹೊಸದು ಅವರು ವೇವ್ ಎಂದು ಹೆಸರು ಹೇಳಿಕೊಂಡು ಒಳಗೆ ಬಂದರು. ಸ್ಪೆಕ್ಟ್ರಮ್ ತೆಗೆದು ನೋಡಿದರೆ 16 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಅಮಾವಾಸ್ಯೆ. ಎಲ್ಲೋ 128 ಕೆಬಿಪಿಎಸ್‌ನ ಎಂಪಿ3 ಆಗಿ ಬದುಕಿ, ಆಮೇಲೆ ವೇವ್ ಆಗಿ ಮತಾಂತರಗೊಂಡವರು. ಗಾತ್ರ ದೊಡ್ಡದಾಗುತ್ತದೆ, ಕಳೆದದ್ದು ವಾಪಸ್ ಬರುವುದಿಲ್ಲ. ಇನ್ನೊಬ್ಬರು ಡ್ರೈವ್ ಲಿಂಕಿನಲ್ಲಿ ಬಂದರು. ಒತ್ತಿದರೆ ಅನುಮತಿ ಬೇಡಬೇಕೆಂದಿತು. ಬೇಡಿದೆ. ತೀರ್ಥರೂಪರು ಮಲಗಿದ್ದರು.

ತಾವು ಮಾತ್ರ ಸಾಚಾ 24 ಬಿಟ್ ವೇವ್. ಸಂತೋಷದಿಂದ ತೆರೆದೆ. ಪರದೆಯ ಈ ತುದಿಯಿಂದ ಆ ತುದಿಗೆ ಒಂದೇ ಎತ್ತರದ ಕಾಂಪೌಂಡ್ ಗೋಡೆ! ಪಲ್ಲವಿಗೂ ಗೋಡೆ, ಚರಣಕ್ಕೂ ಗೋಡೆ, ಗಾಯಕಿ ಪಿಸುಗುಟ್ಟುವಲ್ಲಿಯೂ ಗೋಡೆ. ಮಾಸ್ಟರ್ ಫೇಡರಿನ ಮೇಲೆ ಲಿಮಿಟರ್ ಕೂರಿಸಿ, ತಮ್ಮನ್ನು ಸೊನ್ನೆ ಡೆಸಿಬೆಲ್ಲಿನ ಸೂರಿಗೆ ಒತ್ತಿ ಹಿಡಿದಿದ್ದಾರೆ. ಮೃದಂಗದ ಚಾಪು ಎಲ್ಲಿ ಹೋಯಿತೆಂದು ಹುಡುಕಿದೆ. ಪೆಟ್ಟಿನ ಮೊದಲ ಕೆಲವು ಮಿಲಿಸೆಕೆಂಡುಗಳಲ್ಲೇ ಅದರ ಜೀವ ಇರುವುದು, ಲಿಮಿಟರ್ ತಿನ್ನುವುದೂ ಅದನ್ನೇ. ಉಳಿದದ್ದು ಯಾರೋ ಪಕ್ಕದ ಮನೆಯಲ್ಲಿ ರಟ್ಟಿನ ಪೆಟ್ಟಿಗೆ ತಟ್ಟಿದ ಸದ್ದು. ಇದರ ಜೊತೆಗೆ ಬಂದ ಟಿಪ್ಪಣಿ: "ಪಂಚ್ ಬೇಕು, ಓಪನ್ ಆಗಿ ಕೇಳಿಸಬೇಕು, ಇನ್ನೂ ಸ್ವಲ್ಪ ಲೌಡ್ ಆಗಬೇಕು." ನಾನು ತಮ್ಮನ್ನು ತಗ್ಗಿಸಬಲ್ಲೆ. ಆಗ ತಾವು ಗಿಡ್ಡ ಗೋಡೆಯಾಗುತ್ತೀರಿ.

ಸೊನ್ನೆಯ ತನಕ ತುಂಬಿಸದಿದ್ದರೆ ಗುಣಮಟ್ಟ ಸೋರಿಹೋಗುತ್ತದೆಂದು ತೀರ್ಥರೂಪರಿಗೆ ಯಾರೋ ಹೆದರಿಸಿರಬೇಕು. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144 ಡೆಸಿಬೆಲ್ ಜಾಗವಿದೆ. ತಮ್ಮ ಅತಿ ಎತ್ತರದ ತುದಿ 6 ಡೆಸಿಬೆಲ್ ಕೆಳಗೆ ನಿಂತರೆ ಕಳೆದುಕೊಳ್ಳುವುದು ಒಂದೇ ಒಂದು ಬಿಟ್. ಉಳಿದ 23ರಲ್ಲಿ ಘಟ, ತಂಬೂರಿ ಸಮೇತ ಪರಿವಾರವೆಲ್ಲ ಕಾಲು ಚಾಚಿ ಮಲಗಬಹುದು. ಆರೇ ಆಗಬೇಕೆಂಬ ಶಾಸ್ತ್ರವೂ ಇಲ್ಲ, ಮೂರಾದರೂ ನಡೆಯುತ್ತದೆ, ಸೂರಿಗೆ ತಲೆ ಬಡಿಯದಿದ್ದರೆ ಸಾಕು. ಹಾಗೆಂದು ಮಿಕ್ಸ್ ಬಸ್ ಮೇಲಿನದೆಲ್ಲವನ್ನೂ ಕಿತ್ತೆಸೆಯಿರಿ ಎನ್ನುತ್ತಿಲ್ಲ. ಮೊದಲ ದಿನದಿಂದ ಒಂದು ಕಂಪ್ರೆಸರ್ ಒಳಗೇ ಹಾಡು ಬೆಳೆದಿದ್ದರೆ ಅದು ಇರಲಿ, ತೆಗೆದರೆ ಸಮತೋಲವೇ ಕೆಡುತ್ತದೆ. ಕೊನೆಯ ಗಳಿಗೆಯಲ್ಲಿ ಜೋರಿಗಾಗಿ ತಂದು ಹೇರಿದ್ದನ್ನು ಮಾತ್ರ ಇಳಿಸಿ.

ಹಿಂದಿನವರಿಗೂ ಜೋರಿನ ಚಪಲ ಇತ್ತು, ಆದರೆ ಆಗ ರೆಕಾರ್ಡ್ ಪ್ಲೇಯರಿನ ಒಂದು ಮುಳ್ಳು ನ್ಯಾಯ ಹೇಳುತ್ತಿತ್ತು. 1969ರಲ್ಲಿ ಲೆಡ್ ಝೆಪೆಲಿನ್ ತಂಡದ ಎರಡನೇ ಆಲ್ಬಮನ್ನು ಮಾಸ್ಟರಿಂಗಿನ ಬಾಬ್ ಲಡ್ವಿಗ್ ತಟ್ಟೆಯ ಮೇಲೆ ಬಲು ಜೋರಾಗಿ ಕೊರೆದರು. ಕಂಪನಿಯ ದೊಡ್ಡವರ ಮಗಳ ಅಗ್ಗದ ಪ್ಲೇಯರಿನಲ್ಲಿ ಮುಳ್ಳು ಎಗರಿತಂತೆ. ತಗ್ಗಿಸಿ ಮತ್ತೆ ಕೊರೆಸಿದರು. ಡಿಜಿಟಲ್ ಬಂದ ಮೇಲೆ ಎಗರಲು ಮುಳ್ಳೇ ಇಲ್ಲವಾಗಿ, 2008ರಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂತು. ಗಿಟಾರ್ ಹೀರೋ ಎಂಬ ವಿಡಿಯೋ ಗೇಮಿನಲ್ಲಿರುವ ಅವೇ ಹಾಡುಗಳು ಸಿ.ಡಿ.ಗಿಂತ ಚೆನ್ನಾಗಿವೆಯೆಂದು ಅಭಿಮಾನಿಗಳು ಪತ್ತೆಹಚ್ಚಿ, ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಅವರನ್ನು ಹಿಡಿದುಕೊಂಡರು. ನನ್ನ ಹತ್ತಿರ ಬರುವ ಹೊತ್ತಿಗೇ ಮಿಕ್ಸ್‌ಗಳು ಜಜ್ಜಿಹೋಗಿದ್ದವು ಎಂದು ಆತ ಬರೆದರು. ನಮ್ಮ ಕುಲದವರ ಜಾತಕವೇ ಹೀಗೆ: ಜಜ್ಜುವವರು ಒಬ್ಬರು, ಬೈಸಿಕೊಳ್ಳುವವರು ಇನ್ನೊಬ್ಬರು.

ಇಷ್ಟೆಲ್ಲ ಪಾಡು ಪಟ್ಟು ತಾವು ಹೋಗಿ ಸೇರುವುದಾದರೂ ಎಲ್ಲಿಗೆ? ಸ್ಪಾಟಿಫೈ ತಾನಾಗಿಯೇ ಎಲ್ಲರನ್ನೂ ಮೈನಸ್ 14 ಲಫ್ಸ್ ಎಂಬ ಜೋರಿನ ಮಟ್ಟದ ಆಸುಪಾಸಿಗೆ ತರುತ್ತದೆ. ತಾವು ಮೈನಸ್ 6ರಲ್ಲಿ ಕಿರುಚುತ್ತ ಹೋದರೆ ಬಾಗಿಲಲ್ಲೇ 8 ಡೆಸಿಬೆಲ್ ಕಿತ್ತುಕೊಂಡು ಒಳಗೆ ಬಿಡುತ್ತಾರೆ. ಯೂಟ್ಯೂಬಿನವರೂ ಜೋರಿನವರನ್ನು ತಗ್ಗಿಸುವವರೇ. ಅಲ್ಲಿ ತಮ್ಮ ಪಕ್ಕದಲ್ಲಿ, ಚಾಪನ್ನೂ ಗುಮ್ಕಿಯನ್ನೂ ಉಳಿಸಿಕೊಂಡು ಬಂದ ಯಾವನೋ ಸಾಧು ಹಾಡು ತಮಗಿಂತ ಗಟ್ಟಿಯಾಗಿ ಕೇಳಿಸುತ್ತದೆ. ಆಗ ಮತ್ತೆ ನನಗೇ ಫೋನು.

ಕೊನೆಯಲ್ಲಿ ಗಾಯಕಿಯ ದನಿ ಇನ್ನೂ ರಿವರ್ಬಿನಲ್ಲಿ ತೇಲುತ್ತಿರುವಾಗಲೇ ತಮ್ಮ ಬಾಲ ಕತ್ತರಿಸಿದ್ದಾರೆ. ಹಿಂದೆ ಮುಂದೆ ಎರಡೆರಡು ಸೆಕೆಂಡ್ ಮೌನ ಬಿಟ್ಟರೆ ಅದಕ್ಕೆ ಜಿ.ಎಸ್.ಟಿ. ಬೀಳುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಇನ್ನೊಂದು ಅಪ್ಪಣೆ: "ವೋಕಲ್ ಒಂಚೂರು ಇಳಿಸಿ, ಗಿಟಾರ್ ಒಂಚೂರು ಎತ್ತಿ." ಕಲಸಿಯಾದ ಎರಡು ಚಾನೆಲ್ಲಿನಲ್ಲಿ ದನಿಯೂ ಗಿಟಾರೂ ಒಂದೇ ಕಂಪನಗಳಲ್ಲಿ ಹೆಣೆದುಕೊಂಡಿವೆ, ಈಕ್ಯೂ ಹಾಕಿ ಒಬ್ಬರನ್ನು ಎಳೆದರೆ ಇಬ್ಬರೂ ಬರುತ್ತಾರೆ. ಮಿಕ್ಸಿನಲ್ಲಿ ಒಂದು ಫೇಡರ್ ಅಲುಗಿಸಿದರೆ ಮುಗಿಯಿತು ಎಂದೆ. ತೀರ್ಥರೂಪರು ಅದರ ಬದಲು ದನಿ, ವಾದ್ಯಗಳ ಬೇರೆ ಬೇರೆ ಫೈಲುಗಳಾದ ಸ್ಟೆಮ್‌ಗಳನ್ನೇ ಕಳಿಸಿದರು, ಒಂದೊಂದನ್ನೂ ಅದರದರ ಮೊದಲ ಸದ್ದಿನಿಂದ ಕತ್ತರಿಸಿ. ಸಾಲಾಗಿ ಜೋಡಿಸಿದರೆ ಎರಡನೇ ಚರಣಕ್ಕೆ ಬರಬೇಕಾದ ಘಟ ಪಲ್ಲವಿಗೇ ಹಾಜರ್! ಸ್ವಾಮಿ, ಎಲ್ಲ ಸ್ಟೆಮ್‌ಗಳೂ ಒಂದೇ ಸೊನ್ನೆಯಿಂದ ಹೊರಡಬೇಕು, ಎಲ್ಲವನ್ನೂ ಕೂಡಿಸಿದರೆ ಮಿಕ್ಸ್ ಎದ್ದುಬರಬೇಕು.

ಆದಕಾರಣ ತಾವು ಒಮ್ಮೆ ಹುಟ್ಟಿದ ಸೆಷನ್ನಿಗೆ ಹಿಂದಿರುಗಿ, ಲಿಮಿಟರ್ ಕಳಚಿಟ್ಟು, ರೆಕಾರ್ಡ್ ಆದ ಸ್ಯಾಂಪಲ್ ರೇಟಿನಲ್ಲೇ ಬರಬೇಕಾಗಿ ವಿನಂತಿ. 48 ಕಿಲೋಹರ್ಟ್ಸ್‌ನಲ್ಲಿ ಹುಟ್ಟಿದ್ದರೆ 48ರಲ್ಲೇ, ಬದಲಾಯಿಸುವ ಕೆಲಸ ನನ್ನದು. ಈಗಿನ ಈ ಗೋಡೆಯ ಅವತಾರವನ್ನೂ ಜೊತೆಗೆ ಕರೆತನ್ನಿ. ಮನೆಮಂದಿಯೆಲ್ಲ ಮೆಚ್ಚಿಕೊಂಡಿರುವುದು ಅದನ್ನೇ, ಯಾವುದನ್ನು ಮೆಚ್ಚಿದರೆಂದು ನನಗೂ ತಿಳಿದಿರಬೇಕಲ್ಲ.

ಇತಿ ತಮ್ಮ ವಿಧೇಯ,
ಮಾಸ್ಟರಿಂಗಿನವನು

ವಿ.ಸೂ.: ಎರಡು ತಿದ್ದುಪಡಿ ಉಚಿತ. ಭಾವಮೈದುನನ ಕಾರಿನಲ್ಲಿ ಕೇಳಿ ಬಂದ ತಿದ್ದುಪಡಿಗಳಿಗೆ ದರ ಬೇರೆ. ಕಾರಿನಲ್ಲಿ ಸಬ್‌ವೂಫರ್ ಇದ್ದರೆ ಮುಂಗಡ.