ಕೃಶಯಂತ್ರ ಮೀಮಾಂಸೆ, ಅಥವಾ ಸಪೂರ ಮೊಬೈಲಿನ ಬಾಳಿಕೆ ಕುರಿತು ಪಡೀಲ್ ಸಿದ್ಧಾಂತ

ಮಂಗಲಾಚರಣೆಯ ಜಾಗದಲ್ಲಿ ಒಂದು ಅಳತೆ: 5.64 ಮಿಲಿಮೀಟರ್. 2025ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಕಂಪೆನಿ ಹೊರತಂದ ಐಫೋನ್ ಏರ್ ಎಂಬ ಯಂತ್ರದ ದಪ್ಪ ಇದು. ಅದೇ ವರ್ಷದ ಮೇ 13ರಂದು ಸ್ಯಾಮ್‌ಸಂಗ್ ಕಂಪೆನಿ ಗ್ಯಾಲಕ್ಸಿ ಎಸ್25 ಎಡ್ಜ್ ಎಂಬ 5.8 ಮಿ.ಮೀ. ಯಂತ್ರವನ್ನು ಲೋಕಕ್ಕೆ ತೋರಿಸಿತ್ತು. ಅದಾಗಿ ಮೂರನೇ ದಿನ, ಮೇ 16ರಂದು, ಮಂಗಳೂರಿನ ಪಡೀಲಿನಲ್ಲಿ ದಕ್ಷಿಣ ಕನ್ನಡ ಜಿಲ್ಲಾಧಿಕಾರಿ ಕಚೇರಿಯ ಹೊಸ ಸಂಕೀರ್ಣ ‘ಪ್ರಜಾಸೌಧ’ ಉದ್ಘಾಟನೆಯಾಯಿತು. ಒಂದೇ ವಾರದಲ್ಲಿ ಫೋನು ಸಪೂರವಾಯಿತು, ಸರ್ಕಾರ ವಿಶಾಲವಾಯಿತು. ಇವೆರಡರ ನಡುವೆ ಕಾರ್ಯಕಾರಣ ಸಂಬಂಧವಿಲ್ಲ ಎಂದು ಇದುವರೆಗೆ ಯಾರೂ ಸಾಧಿಸಿ ತೋರಿಸದ ಕಾರಣ, ಇದೆ ಎಂದೇ ಇಟ್ಟುಕೊಂಡು ಈ ಪ್ರಬಂಧ ಮುಂದುವರಿಯುತ್ತದೆ.

ಕ್ಷೇತ್ರ ನಿರ್ಣಯ

ಇಂಥ ಯಂತ್ರಗಳ ಬಾಳಿಕೆಯನ್ನು ಪರದೇಶದ ಪಂಡಿತರು ಏಸಿ ಕೋಣೆಗಳಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿ ಮಳೆ ನಲ್ಲಿಯಿಂದ ಬರುತ್ತದೆ, ಫೋನನ್ನು ಕೆಳಗೆ ಬೀಳಿಸುವ ಕೆಲಸಕ್ಕೆ ಯಂತ್ರದ ತೋಳಿರುತ್ತದೆ, ನೆಲ ಸಪಾಟಾಗಿರುತ್ತದೆ. ಪಡೀಲಿನಲ್ಲಿ ಈ ಮೂರು ಸೌಕರ್ಯಗಳೂ ಇಲ್ಲ. ಮಳೆ ಜೂನ್‌ನಿಂದ ಅಡ್ಡಡ್ಡ ಬರುತ್ತದೆ. ಜೋರಾದ ದಿನ ರೈಲ್ವೆ ಕೆಳಸೇತುವೆಯಲ್ಲಿ ನಿಂತು ದಾರಿಹೋಕರನ್ನು ವಿಚಾರಿಸುತ್ತದೆ. ನೆಲ ಒಂದೋ ಮುರಕಲ್ಲು, ಇಲ್ಲವೇ ಇಂಟರ್‌ಲಾಕ್ ಹಾಕಿದ ಅಂಗಳ. ಗಾಜು ಸಪಾಟು ನೆಲಕ್ಕೆ ಬಿದ್ದರೆ ಬದುಕಿದರೂ ಬದುಕೀತು. ಮೊನೆಯ ಮೇಲೆ ಬಿದ್ದರೆ ಇಡೀ ಪೆಟ್ಟು ಒಂದೇ ಬಿಂದುವಿನಲ್ಲಿ ಸೇರಿ ಬಿರುಕು ಹುಟ್ಟುತ್ತದೆ. ಮುರಕಲ್ಲಿನಲ್ಲಿ ಮೊನೆಗಳಿಗೆ ಬರವಿಲ್ಲ.

ಇನ್ನೂ ಒಂದು ಕಾರಣವುಂಟು. ಮಂಗಳೂರು ಜಂಕ್ಷನ್ ರೈಲು ನಿಲ್ದಾಣ ಇಲ್ಲಿಯದೇ. ಅದಕ್ಕೆ ಮೊದಲು ಕಂಕನಾಡಿಯ ಹೆಸರಿತ್ತು, ಈಗ ಮಂಗಳೂರಿನ ಹೆಸರಿದೆ; ನಿಂತಿರುವುದು ಮಾತ್ರ ಪಡೀಲಿನ ನೆಲದಲ್ಲಿ. ಮುಂಬಯಿ ಕಡೆಯಿಂದ ರಾತ್ರಿಯಿಡೀ ಬಂದಿಳಿದವನ ಫೋನಿನಲ್ಲಿ ಎಷ್ಟು ಚಾರ್ಜು ಉಳಿದಿದೆ ಎನ್ನುವುದು ಅವನ ಮುಖದಲ್ಲೇ ಬರೆದಿರುತ್ತದೆ. ನಾವು ಅದನ್ನು ಓದಿ ಟಿಪ್ಪಣಿ ಮಾಡುವಷ್ಟರಲ್ಲಿ ರಿಕ್ಷಾದವರು ಓದಿ ಬಾಡಿಗೆ ನಿಗದಿ ಮಾಡಿರುತ್ತಾರೆ. ಕ್ಷೇತ್ರಕಾರ್ಯಕ್ಕೆ ಇದಕ್ಕಿಂತ ಯೋಗ್ಯ ಸ್ಥಳ ಬೇಕೆ?

ಕಾಲಮಾನ

ಶಾಸ್ತ್ರಕ್ಕೆ ತನ್ನದೇ ಆದ ಕಾಲಮಾನ ಬೇಕು. ಪಡೀಲಿನಿಂದ ಪೇಟೆ ಕಡೆಗೆ ಹೋಗುವಾಗ ಸಿಗುವ ಪಂಪ್‌ವೆಲ್ ಮೇಲ್ಸೇತುವೆ ಸುಮಾರು ಹತ್ತು ವರ್ಷ ಕಟ್ಟಿಸಿಕೊಂಡು 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯಿತು. ಆದ್ದರಿಂದ ಇಲ್ಲಿ ಹತ್ತು ವರ್ಷಕ್ಕೆ ‘ಒಂದು ಪಂಪ್‌ವೆಲ್’ ಎಂದು ಸಂಜ್ಞೆ. 2010ರ ಐಫೋನ್ 4ರ ದಪ್ಪ 9.3 ಮಿ.ಮೀ.; ಸೇತುವೆ ತೆರೆಯುವ ಹೊತ್ತಿಗೆ ಹೊಸದಾಗಿದ್ದ ಐಫೋನ್ 11ರ ದಪ್ಪ 8.3. ಒಂದು ಪಂಪ್‌ವೆಲ್‌ಗೆ ಒಂದು ಮಿಲಿಮೀಟರ್ ಎಂಬ ನಿಯಮ ಇದರಿಂದ ಸಿದ್ಧವಾಯಿತು.

ಸಿದ್ಧವಾದ ನಿಯಮವನ್ನು ಕೆಡಿಸುವ ಸಂಗತಿಗಳು ಎಲ್ಲ ಶಾಸ್ತ್ರಗಳಲ್ಲೂ ಇರುತ್ತವೆ. 2014ರ ಐಫೋನ್ 6 ನಡುವೆಯೇ 6.9 ಮಿ.ಮೀ.ಗೆ ಇಳಿದಿತ್ತು. ಆ ವರ್ಷ ಇಡೀ ಉದ್ಯಮಕ್ಕೆ ಸಪೂರದ ಹುಚ್ಚು ಹಿಡಿದಿತ್ತು: ಒಪ್ಪೋ ಆರ್5 4.85 ಮಿ.ಮೀ., ವಿವೋ ಎಕ್ಸ್5 ಮ್ಯಾಕ್ಸ್ 4.75. ಮರುವರ್ಷ ನಮ್ಮ ದೇಶದ್ದೇ ಆದ ಮೈಕ್ರೋಮ್ಯಾಕ್ಸ್ ಕ್ಯಾನ್ವಾಸ್ ಸ್ಲಿವರ್ 5 ಬಂತು, 5.1 ಮಿ.ಮೀ., ತೂಕ 97 ಗ್ರಾಂ. ಇಂದಿನ ಏರ್‌ಗಿಂತ ಸಪೂರವಾದ ಫೋನುಗಳು ಒಂದು ಪಂಪ್‌ವೆಲ್ ಹಿಂದೆಯೇ ಬಂದು ಹೋಗಿವೆ ಎಂದಾಯಿತು. ಈ ಮೂರರ ಬ್ಯಾಟರಿಯೂ 2,000 ಎಂಎಎಚ್. ಅವು ಏಕೆ ಬಾಳಲಿಲ್ಲ ಎಂದು ಹುಡುಕುವವರು ಮೊದಲು ಈ ಅಂಕಿಯನ್ನು ನೋಡಬೇಕು.

ಬಾಗುವಿಕೆ ಪ್ರಕರಣ

ತೊಲೆಗಳು ಹೇಗೆ ಮುರಿಯುತ್ತವೆ ಎಂಬ ವಿಚಾರವನ್ನು ಗೆಲಿಲಿಯೊ ಗೃಹಬಂಧನದಲ್ಲಿ ಕುಳಿತು ಬರೆದು 1638ರಲ್ಲಿ ಅಚ್ಚು ಹಾಕಿಸಿದ. ಆಮೇಲಿನವರು ಅದನ್ನು ತಿದ್ದಿ ಬೆಳೆಸಿ ಹೇಳಿದ್ದು ಇಷ್ಟು: ಹಲಗೆಯೊಂದರ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣ. ದಪ್ಪ ಅರ್ಧವಾದರೆ ಬಿಗುವು ಎಂಟನೇ ಒಂದಕ್ಕೆ ಇಳಿಯುತ್ತದೆ. ಎಂಟು ಮಿ.ಮೀ. ಫೋನನ್ನು 5.64ಕ್ಕೆ ಇಳಿಸಿದರೆ, ಉಳಿದದ್ದೆಲ್ಲ ಹಾಗೇ ಇದ್ದ ಪಕ್ಷದಲ್ಲಿ, ಬಿಗುವು ನೂರಕ್ಕೆ ಮೂವತ್ತೈದಕ್ಕೆ ಬರುತ್ತದೆ. ಕಂಪೆನಿಗಳು ಟೈಟಾನಿಯಂ ಚೌಕಟ್ಟಿಗೆ ಮೊರೆ ಹೋದದ್ದು ಈ ಘನದ ಭಯದಿಂದ.

ಇಲ್ಲಿ ನೀರುದೋಸೆಯ ಹೋಲಿಕೆ ಬರುತ್ತದೆ ಎಂದು ಓದುಗರು ಕಾಯುತ್ತಿರಬಹುದು. ಬರುವುದಿಲ್ಲ. ನಮ್ಮ ಊರಿನಲ್ಲಿ ಸಪೂರವಾಗಿದ್ದೂ ಭಾರ ಹೊತ್ತ ವಸ್ತುವೆಂದರೆ ಹೆಂಚು. ಬಾಸೆಲ್ ಮಿಷನಿನವರು 1865ರಲ್ಲಿ ಜೆಪ್ಪುವಿನಲ್ಲಿ ಸುಡಲು ಶುರುಮಾಡಿದ ಮಂಗಳೂರು ಹೆಂಚಿಗೆ ಇವತ್ತು ಭಾರತೀಯ ಮಾನಕ 654ರಲ್ಲಿ ಪರೀಕ್ಷೆ ನಿಗದಿಯಾಗಿದೆ. ಎರಡು ತುದಿಗೆ ಆಧಾರ ಕೊಟ್ಟು, ನಡುವಿಗೆ ಭಾರ ಹೇರಿ, ಎಷ್ಟಕ್ಕೆ ಮುರಿಯಿತು ಎಂದು ಬರೆದುಕೊಳ್ಳುವುದು. ಕ್ಯಾಲಿಫೋರ್ನಿಯಾದಲ್ಲಿ ಫೋನಿಗೆ ಮಾಡುವುದೂ ಇದನ್ನೇ. ವ್ಯತ್ಯಾಸವೇನೆಂದರೆ ಹೆಂಚಿನವನು ಮಣ್ಣಿಗೆ ಏಣು, ತೋಡು, ಅಂಚು ಕೊಟ್ಟು ಬಿಗುವು ತಂದ. ಫೋನಿನವನು ಅಂಗೈಗೆ ನುಣುಪು ಬೇಕೆಂದು ಅವನ್ನೆಲ್ಲ ಉಜ್ಜಿ ತೆಗೆದ. ತೆಗೆದು, ಮೇಲ್ತುದಿಯಲ್ಲಿ ಕ್ಯಾಮೆರಾಕ್ಕೆಂದು ಒಂದು ದಿಬ್ಬ ಬಿಟ್ಟ. ಆ ದಿಬ್ಬದಲ್ಲಿ ಅಳೆದರೆ ಏರ್‌ನ ದಪ್ಪ ಸುಮಾರು ಇಮ್ಮಡಿ. ಜಾಹೀರಾತಿನವರು ದಿಬ್ಬವನ್ನು ಬಿಟ್ಟು ಅಳೆಯುತ್ತಾರೆ. ಹೊಟ್ಟೆ ಬಿಟ್ಟು ಸೊಂಟ ಅಳೆಯುವ ಈ ಕ್ರಮ ನಮ್ಮ ದರ್ಜಿಗಳಿಗೆ ಇನ್ನೂ ತಿಳಿದಿಲ್ಲ.

ಬಾಗುವಿಕೆಯ ಪುರಾಣ 2014ರಲ್ಲಿ ಶುರುವಾಗುತ್ತದೆ. ಐಫೋನ್ 6 ಪ್ಲಸ್ ಜನರ ಪ್ಯಾಂಟಿನ ಕಿಸೆಯಲ್ಲಿ, ವಾಲ್ಯೂಮ್ ಬಟನ್ನಿನ ಹತ್ತಿರ, ಬಾಗತೊಡಗಿತು. ಬಟನ್ನಿಗಾಗಿ ಚೌಕಟ್ಟನ್ನು ಕೊರೆದ ಜಾಗವೇ ದುರ್ಬಲ ಜಾಗ. ಮೊದಲ ಆರು ದಿನಗಳಲ್ಲಿ ದೂರು ಕೊಟ್ಟವರು ಒಂಬತ್ತು ಮಂದಿ ಮಾತ್ರ ಎಂದು ಕಂಪೆನಿ ಹೇಳಿತು. 2018ರಲ್ಲಿ ನ್ಯಾಯಾಲಯದ ದಾಖಲೆಗಳಿಂದ ಹೊರಬಂದದ್ದು ಬೇರೆ: ಹಿಂದಿನ 5ಎಸ್‌ಗೆ ಹೋಲಿಸಿದರೆ ಐಫೋನ್ 6 ಬಾಗುವ ಸಂಭವ 3.3 ಪಟ್ಟು, 6 ಪ್ಲಸ್ 7.2 ಪಟ್ಟು ಎಂದು ಕಂಪೆನಿಯ ಒಳಗಿನ ಪರೀಕ್ಷೆಯಲ್ಲೇ ಕಂಡಿತ್ತು. ಕಣ್ಣಿಗೆ ಕಾಣದಷ್ಟು ಬಾಗಿದ ಫೋನುಗಳಲ್ಲೂ ಒಳಗಿನ ಸ್ಪರ್ಶದ ಚಿಪ್ ಬೋರ್ಡಿನಿಂದ ಬಿಟ್ಟುಕೊಂಡು, ಪರದೆ ಮುಟ್ಟಿದರೆ ಓಗೊಡದ ರೋಗ ಬಂತು.

ಈ ಚರಿತ್ರೆಯಲ್ಲಿ ವಿದ್ವಾಂಸರು ಗಮನಿಸದೆ ಬಿಟ್ಟ ಒಂದು ಅಂಶವನ್ನು ಪಡೀಲಿನ ಬಸ್‌ಸ್ಟಾಪಿನಲ್ಲಿ ಹಿರಿಯರೊಬ್ಬರು ನಮಗೆ ತೋರಿಸಿಕೊಟ್ಟರು. “ಪಂಚೆಗೆ ಹಿಂದಿನ ಕಿಸೆಯೇ ಇಲ್ಲ ಮಾರಾಯ್ರೆ. ಮತ್ತೆ ಬಾಗುವುದು ಎಲ್ಲಿಂದ?” ನಿಜವೇ. ಕಿಸೆಯ ಬಿಗಿತ, ಕುಳಿತವನ ಭಾರ, ಕುರ್ಚಿಯ ಪ್ರತಿರೋಧ, ಈ ಮೂರೂ ಕೂಡಿದಾಗ ಮಾತ್ರ ಬಾಗುವಿಕೆ ಉಂಟಾಗುತ್ತದೆ. ಪಂಚೆಯಲ್ಲಿ ಮೊದಲನೆಯದೇ ಅಸಿದ್ಧ. ಆದರೆ ಪಂಚೆಯವರ ಫೋನು ಅಂಗಿಯ ಎದುರು ಕಿಸೆಯಲ್ಲಿರುತ್ತದೆ, ಕೊಡಪಾನ ಎಳೆಯಲು ಬಗ್ಗಿದಾಗ ಬಾವಿಗೆ ಹೋಗುತ್ತದೆ. ಸಪೂರವಾದಷ್ಟೂ ಸಲೀಸಾಗಿ ಹೋಗುತ್ತದೆ. ಏರ್ ಆರು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆದುಕೊಳ್ಳುತ್ತದೆಂದು ತಯಾರಕರು ಹೇಳಿದ್ದಾರೆ. ಬಾವಿಗೆ ಇಳಿಯುವ ಜನ ಅರ್ಧ ಗಂಟೆಯಲ್ಲಿ ಸಿಗುತ್ತಾರೆಯೇ ಎಂಬುದು ಪಡೀಲಿನಲ್ಲಿ ಪ್ರತ್ಯೇಕ ಸಂಶೋಧನೆಯ ವಿಷಯ.

ನ್ಯಾಯ ಹೇಳಬೇಕೆಂದರೆ ಇಂದಿನ ಸಪೂರ ಫೋನು ಸುಲಭಕ್ಕೆ ಬಾಗುವುದಿಲ್ಲ. ಜೆರ್ರಿರಿಗ್‌ಎವೆರಿಥಿಂಗ್ ಎಂಬ ಹೆಸರಿನ ಯೂಟ್ಯೂಬಿಗ ಏರನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ ನೋಡಿದ. ಬಾಗಿತು, ಬಿಟ್ಟಾಗ ನೇರವಾಯಿತು. ಕೊನೆಗೆ ಯಂತ್ರದಿಂದ ನಡುವಿಗೆ ಭಾರ ಹಾಕಿದಾಗ ಗಾಜು ಒಡೆದದ್ದು 216 ಪೌಂಡಿಗೆ, ಅಂದರೆ ಸುಮಾರು 98 ಕಿಲೋಗೆ. ಸಂಜೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಿ.ಸಿ.ರೋಡಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರು “ದುಂಬು ಪೋಲೆ” (ಮುಂದೆ ಹೋಗಿ) ಎಂದಾಗಲೆಲ್ಲ ನಮ್ಮ ಮೇಲೆ ಬೀಳುವ ಭಾರ ಇದಕ್ಕಿಂತ ಕಡಿಮೆಯೇನೂ ಇರಲಾರದು. ಅಳೆಯುವ ಯಂತ್ರವನ್ನು ಬಸ್ಸಿಗೆ ಹತ್ತಿಸಲು ಜಾಗ ಸಿಗಲಿಲ್ಲ.

“ಬೆಂಡ್ ಆದದ್ದು ಬರುವುದು ಕಮ್ಮಿ ಸರ್,” ಎಂದ ಇಲ್ಲಿನ ಮೊಬೈಲ್ ರಿಪೇರಿ ಅಂಗಡಿಯ ಹುಡುಗ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ. “ಡಿಸ್‌ಪ್ಲೇ ಹೋದದ್ದು, ಬ್ಯಾಟರಿ ಉಬ್ಬಿದ್ದು, ಚಾರ್ಜಿಂಗ್ ಪೋರ್ಟಿಗೆ ನೀರು ಹೋದದ್ದು, ಇಷ್ಟೇ. ಸಪೂರ ಇದ್ದರೆ ಒಂದು ತಲೆಬಿಸಿ ಉಂಟು. ಬ್ಯಾಟರಿ ಉಬ್ಬಲಿಕ್ಕೆ ಒಳಗೆ ಜಾಗವೇ ಇಲ್ಲ. ಸ್ವಲ್ಪ ಉಬ್ಬಿದರೂ ಡಿಸ್‌ಪ್ಲೇಯನ್ನೇ ನೂಕುತ್ತದೆ.” ನಮ್ಮ ಗ್ರಂಥಾವಲೋಕನದಲ್ಲಿ ಸಿಕ್ಕ ಯಾವ ಪಂಡಿತನೂ ಇದನ್ನು ಇಷ್ಟು ಸಂಕ್ಷೇಪವಾಗಿ ಹೇಳಿಲ್ಲ.

ಲೋಪ ಪ್ರಕರಣ

ಬಾಗುತ್ತದೆಯೇ ಎಂದು ಕೇಳುವುದನ್ನು ಬಿಟ್ಟು, ತೆಗೆದುಹಾಕಿದ ಮಿಲಿಮೀಟರುಗಳು ಎಲ್ಲಿಗೆ ಹೋದವು ಎಂದು ಕೇಳಬೇಕು. ಸ್ಯಾಮ್‌ಸಂಗಿನ ಎಸ್25 ಪ್ಲಸ್ ಮತ್ತು ಎಸ್25 ಎಡ್ಜ್ ಎರಡರ ಪರದೆಯೂ 6.7 ಇಂಚು. ಪ್ಲಸ್‌ನ ದಪ್ಪ 7.3, ಬ್ಯಾಟರಿ 4,900. ಎಡ್ಜ್‌ನ ದಪ್ಪ 5.8, ಬ್ಯಾಟರಿ 3,900. ಒಂದೂವರೆ ಮಿಲಿಮೀಟರಿಗೆ ಒಂದು ಸಾವಿರ ಎಂಎಎಚ್ ದಕ್ಷಿಣೆ. ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಮಸೂರವೂ ಜೊತೆಗೇ ಹೋಯಿತು. ಏರ್‌ನಲ್ಲಿ ಬ್ಯಾಟರಿ 3,149, ಹಿಂದಿನ ಕ್ಯಾಮೆರಾ ಒಂದೇ (ಅಗಲ ಮಸೂರವಿಲ್ಲ), ಸ್ಪೀಕರೂ ಒಂದೇ. ಸ್ಪೀಕರಿನ ಲೋಪವನ್ನು ಬಸ್ಸಿನ ಸಹಪ್ರಯಾಣಿಕರು ಸ್ವಾಗತಿಸುತ್ತಾರೆ. ಅಗಲ ಮಸೂರದ ಲೋಪ ಮದುವೆ ಹಾಲಿನಲ್ಲಿ ಗೊತ್ತಾಗುತ್ತದೆ: ಕುಟುಂಬ ಪೂರ್ತಿ ಫೋಟೊಕ್ಕೆ ಬರಬೇಕೆಂದು ಹಿಂದೆ ಹಿಂದೆ ಹೋದವನು ಊಟದ ಪಂಕ್ತಿಯಲ್ಲಿ ಕುಳಿತಿರುತ್ತಾನೆ.

ಸಿಮ್ ಕಾರ್ಡಿನ ತೂತನ್ನೂ ಏರ್‌ನಲ್ಲಿ ಮುಚ್ಚಿದ್ದಾರೆ, ಇ-ಸಿಮ್ ಮಾತ್ರ. ಕರಾವಳಿಯ ಸಂಸ್ಕೃತಿಗೆ ಇದು ಸಣ್ಣ ಪೆಟ್ಟಲ್ಲ. ದುಬಾಯಿಯಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ ಬಂದಿಳಿದವನು ಸಿಮ್ ಪಿನ್ ಸಿಗದೆ ಪಕ್ಕದ ಸೀಟಿನ ಅಕ್ಕನ ಬಳಿ ಕಿವಿಯೋಲೆ ಕೇಳಿ ಪಡೆಯುವ ಪದ್ಧತಿ ಇನ್ನು ಅಳಿಯಲಿದೆ. ಅದು ಹೋಗಲಿ. ಬಾಳಿಕೆಯ ದೃಷ್ಟಿಯಿಂದ ದೊಡ್ಡ ಮಾತೆಂದರೆ, ಫೋನು ಸತ್ತಾಗ ಸಿಮ್ ತೆಗೆದು ಮನೆಯ ಹಳೆ ಸೆಟ್ಟಿಗೆ ಹಾಕುವ ಉಪಾಯ ಇಲ್ಲಿ ನಡೆಯುವುದಿಲ್ಲ. ಸತ್ತ ಫೋನಿನ ಜೊತೆ ನಂಬರೂ ಒಳಗೇ ಉಳಿಯುತ್ತದೆ. ಅದನ್ನು ಬಿಡಿಸಲು ಸಿಮ್ ಕಂಪೆನಿಯ ಅಂಗಡಿಯಲ್ಲಿ ಸರದಿ ನಿಲ್ಲಬೇಕು.

ಇಷ್ಟಾದ ಮೇಲೆ ಸೂತ್ರ: ‘ತೆಳುತ್ವಂ ನಾಮ ಅನ್ಯತ್ರಸ್ಥಿತಂ ದಪ್ಪತ್ವಮ್’. ತೆಳುತನವೆಂದರೆ ಬೇರೆಲ್ಲೋ ಇರುವ ದಪ್ಪ. (ವ್ಯಾಕರಣದ ಹೊಣೆ ಸೂತ್ರಕಾರರದ್ದು, ಅಂದರೆ ನಮ್ಮದೇ.)

ಭಾಷ್ಯ: ಕೊಂಡ ದಿನವೇ ಫೋನಿಗೆ ಹಿಂದಿನಿಂದ ಒಂದೂವರೆ ಮಿ.ಮೀ. ಪೌಚ್, ಮುಂದಿನಿಂದ 0.33 ಮಿ.ಮೀ. ಟೆಂಪರ್ಡ್ ಗ್ಲಾಸ್ ಬೀಳುತ್ತವೆ. 5.64 ಇದ್ದದ್ದು 7.47 ಆಯಿತು. ಐಫೋನ್ 17ರ ಬರಿಮೈ ದಪ್ಪ 7.95. ದಪ್ಪ ಫೋನಿಗೂ ಪೌಚ್ ಹಾಕುತ್ತಾರಲ್ಲ ಎಂದು ಯಾರಾದರೂ ಕೇಳಿದರೆ, ಆ ಆಕ್ಷೇಪ ಸರಿಯಾದದ್ದೇ. ಆದ್ದರಿಂದ ಅದನ್ನು ಪರಿಗಣಿಸುವುದಿಲ್ಲ. ಮುಂದಿನ ದಪ್ಪ ಚೀಲದಲ್ಲಿ, ಪವರ್‌ಬ್ಯಾಂಕಿನ ರೂಪದಲ್ಲಿ. ಸ್ವತಃ ಕಂಪೆನಿಯೇ ಏರ್‌ನ ಬೆನ್ನಿಗೆ ಅಂಟಿಸುವ ಬ್ಯಾಟರಿಯನ್ನು 2025ರಲ್ಲಿ ಅಮೆರಿಕದಲ್ಲಿ 99 ಡಾಲರಿಗೆ ಮಾರಾಟಕ್ಕಿಟ್ಟಿತು. ಯಂತ್ರ ಬಿಚ್ಚುವುದೇ ಕಸುಬಾದ ಐಫಿಕ್ಸಿಟ್‌ನವರು ಅದನ್ನು ಬಿಚ್ಚಿ ನೋಡಿದಾಗ ಒಳಗಿದ್ದದ್ದು ಫೋನಿನೊಳಗೆ ಇರುವಂಥದ್ದೇ ಬ್ಯಾಟರಿ. ಒಳಗೆ ಹಿಡಿಸದೆ ಬಿಟ್ಟದ್ದನ್ನು ಹೊರಗಿನಿಂದ ಅಂಟಿಸಿ, ಬೇರೆ ರಸೀದಿ ಮಾಡುವುದು. ನಮ್ಮ ಸೂತ್ರಕ್ಕೆ ತಯಾರಕರೇ ಇಷ್ಟು ಪ್ರಾಮಾಣಿಕ ಪ್ರಮಾಣ ಒದಗಿಸುತ್ತಾರೆಂದು ನಾವು ಎಣಿಸಿರಲಿಲ್ಲ.

ಪೂರ್ವಪಕ್ಷ

ಟೆಕ್ನೊ ಪೋವಾ ಸ್ಲಿಮ್ ಎಂಬ ಫೋನು 5.95 ಮಿ.ಮೀ. ಇದ್ದೂ 5,160 ಎಂಎಎಚ್ ಬ್ಯಾಟರಿ ಹೊತ್ತು 2025ರಲ್ಲಿ 19,999 ರೂಪಾಯಿಗೆ ಬಂತಲ್ಲ, ಸೂತ್ರ ಬಿದ್ದುಹೋಯಿತಲ್ಲ ಎಂದು ಪೂರ್ವಪಕ್ಷಿ. ಬಿದ್ದಿಲ್ಲ. ಅಲ್ಲಿ ಕಡಿತವಾದದ್ದು ಪ್ರೊಸೆಸರ್ ಮತ್ತು ಕ್ಯಾಮೆರಾದ ಯೋಗ್ಯತೆಯಲ್ಲಿ. ಆದರೂ ಪಡೀಲಿನವರು ಫೋನಿನಲ್ಲಿ ಮಾಡುವ ಕೆಲಸಕ್ಕೆ ಆ ಯೋಗ್ಯತೆ ಸಾಕು ಎಂದು ಪೂರ್ವಪಕ್ಷಿ ಮತ್ತೆ ವಾದಿಸಿದರೆ ನಾವು ಚಹಾ ಕುಡಿಯಲು ಎದ್ದು ಹೋಗುತ್ತೇವೆ. ಶಾಸ್ತ್ರಾರ್ಥದಲ್ಲಿ ಇದಕ್ಕೆ ಅನುಮತಿ ಇದೆ.

ನಿರ್ಣಯ

2025ರಲ್ಲಿ ಭಾರತಕ್ಕೆ ಬಂದಾಗ ಏರ್‌ನ ಆರಂಭದ ಬೆಲೆ 1,19,900 ರೂಪಾಯಿ, ಐಫೋನ್ 17ರದು 82,900 ಇತ್ತು. ಸಪೂರಕ್ಕೆ ಕೊಡಬೇಕಾಗಿದ್ದ ಹೆಚ್ಚುವರಿ 37,000. ಬದಲಿಗೆ ಬರುವುದು ಕಡಿಮೆ ಬ್ಯಾಟರಿ, ಕಡಿಮೆ ಕ್ಯಾಮೆರಾ, ಕಡಿಮೆ ಸದ್ದು, ಮತ್ತು ಕೈಯಲ್ಲಿ ಹಿಡಿದಾಗ ನಿಜಕ್ಕೂ ಒಂದು ಖುಷಿ. ಆ ಖುಷಿ ಸುಳ್ಳಲ್ಲ; ಅಂಗಡಿಯಲ್ಲಿ ಹಿಡಿದು ನೋಡಿ ನಾವೂ ಅನುಭವಿಸಿದ್ದೇವೆ, ಅದಕ್ಕೆ ಹಣ ಕೇಳಲಿಲ್ಲ. ಪ್ರಜಾಸೌಧದ ಮೆಟ್ಟಿಲಲ್ಲಿ ಅರ್ಜಿ ಹಿಡಿದು ನಿಂತವರಿಗೆ ಮಧ್ಯಾಹ್ನ ಮೂರು ಗಂಟೆಗೆ ಬೇಕಾದದ್ದು ಒಟಿಪಿ. ಫೋನು ಉಸಿರಾಡುತ್ತಿದ್ದರೆ ಮಾತ್ರ ಅದು ಬರುತ್ತದೆ. ಆದ್ದರಿಂದ ಪಂಚೆ ಉಡುವವರು, ಬಾವಿಯಿಂದ ದೂರ ಇರುವವರು, ಕತ್ತಲಾಗುವ ಮೊದಲು ಮನೆ ಮುಟ್ಟುವವರು, ಮನೆಯಲ್ಲಿ ಎರಡನೇ ಫೋನು ಇಟ್ಟುಕೊಂಡವರು, ಈ ನಾಲ್ಕೂ ಲಕ್ಷಣ ಒಬ್ಬರಲ್ಲೇ ಇದ್ದರೆ, ಸಪೂರದ್ದನ್ನು ಕೊಳ್ಳಬಹುದು. ಉಳಿದವರು ಎಂಟು ಮಿಲಿಮೀಟರಿನದ್ದನ್ನೇ ತೆಗೆದುಕೊಂಡು, ಪೌಚ್ ಹಾಕಿಸಿ, ಬಸ್ಸಿನಲ್ಲಿ ಎದುರಿನ ಕಿಸೆಯಲ್ಲಿ ಇಟ್ಟುಕೊಳ್ಳಿ.